ಗಾಳಿಯ ತಿರುಪು

ನಮ್ಮ ಕೋಡಿಬಾಗದಲ್ಲಿ ಕೋಳಿ ಕೂಗುವುದಕ್ಕಿಂತ ಮುಂಚೆ ಹಗ್ಗ ಎಳೆಯುವ ಸದ್ದು ಕೇಳುತ್ತದೆ. ಕಾಳಿ ನದಿ ಕಡಲನ್ನು ಸೇರುವ ಅಳಿವೆಯ ದಕ್ಷಿಣ ದಂಡೆಯಲ್ಲಿ ನಮ್ಮ ಊರು. ಆಚೆ ದಂಡೆಯಲ್ಲಿ ಸದಾಶಿವಗಡದ ಗುಡ್ಡ. ಇನ್ನೂ ನಕ್ಷತ್ರಗಳು ಮಾಸಿರುವುದಿಲ್ಲ, ಆಗಲೇ ಜನ ದಂಡೆಗೆ ಕಟ್ಟಿದ ದೋಣಿಗಳತ್ತ ಇಳಿದು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ‘ಗರ್ರ್’ ಎಂಬ ಸದ್ದು, ಆಮೇಲೆ ಮೌನ. ಮತ್ತೆ ‘ಗರ್ರ್’, ಮತ್ತೆ ಮೌನ. ದೋಣಿಯ ಹಿಂಬದಿಗೆ ಬಿಗಿದ ಎಂಜಿನಿನ ಹಗ್ಗವನ್ನು ಯಾರೋ ಎಳೆಯುತ್ತಿದ್ದಾರೆ. ನಾನು ಹೊದಿಕೆಯೊಳಗಿಂದಲೇ ಎಣಿಸುತ್ತೇನೆ. ನಿವೃತ್ತನಾದ ಮಾಸ್ತರನಿಗೆ ಎಣಿಸುವುದಕ್ಕೆ ಏನಾದರೂ ಬೇಕು. ಹಾಜರಿ ಕರೆಯುವ ಚಟ ಅಷ್ಟು ಬೇಗ ಬಿಡುವುದಿಲ್ಲ. ಮೂರನೆಯ ಎಳೆತಕ್ಕೆ ಎಂಜಿನು ಹಿಡಿದುಕೊಂಡರೆ ಆ ದೋಣಿಯವನಿಗೆ ಅಂದು ಶುಭದಿನ. ಹತ್ತಾದರೆ ಬೆವರು. ಇಪ್ಪತ್ತು ದಾಟಿತೆಂದರೆ ನಡುವಿನ ಮೌನವನ್ನು ಎಂಜಿನಿನ ವಂಶಾವಳಿಗೆ ಸಂಬಂಧಪಟ್ಟ ಕೊಂಕಣಿ ಮಾತುಗಳು ತುಂಬುತ್ತವೆ.

ನನ್ನ ನೆರೆಮನೆಯ ದಾದಾ ಅವರ ಎಂಜಿನು ಮಾತ್ರ ಎರಡಕ್ಕೋ ಮೂರಕ್ಕೋ ಹಿಡಿಯುತ್ತದೆ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಓದಿದ್ದು ಮೂರನೆಯ ಇಯತ್ತೆ. ಕೇರಿಯಲ್ಲಿ ಯಾರ ಎಂಜಿನು ಮುನಿಸಿಕೊಂಡರೂ ಅವರಿಗೇ ಬುಲಾವು. ಸಂಜೆಯ ಹೊತ್ತು ನಮ್ಮ ಜಗಲಿಗೆ ಬಂದು ಕೂತು, ನಾನು ಓದಿ ಹೇಳುವ ಪತ್ರಿಕೆಯನ್ನು ಕೇಳುವುದು ಅವರ ಪದ್ಧತಿ. ಅವರಿಗೆ ನನ್ನ ಮೇಲೆ ಗೌರವ. ಆ ಗೌರವಕ್ಕೆ ನಾನು ಎಷ್ಟು ಅರ್ಹ ಎಂಬುದನ್ನು ಹೇಳುವುದಕ್ಕೇ ಈ ಬರಹ.

ಈ ವರ್ಷ ಜನವರಿಯ ಒಂದು ರಾತ್ರಿ, ಎಂಟೂವರೆಯ ಸುಮಾರಿಗೆ, ನನ್ನ ತಂಗಿಯ ಮಗ ಕೆನಡಾದಿಂದ ಫೋನು ಮಾಡಿದ. ಅವನಿರುವುದು ಒಂಟಾರಿಯೋ ಪ್ರಾಂತದ ಸಡ್ಬರಿಯಲ್ಲಿ. ಅಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಚಳಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಆ ಊರಿನ ಸುತ್ತ ಕೆರೆಗಳೇ ಕೆರೆಗಳಂತೆ, ಚಳಿಗಾಲದಲ್ಲಿ ಅವೆಲ್ಲ ಹೆಪ್ಪುಗಟ್ಟಿ ರಸ್ತೆಯ ಹಾಗೆ ಆಗುತ್ತವಂತೆ. ಅವುಗಳ ಮೇಲೆ ಓಡಾಡಲೆಂದು ಅವನು ಒಂದು ಹಳೆಯ ಸ್ನೋಮೊಬೈಲನ್ನು ಕೊಂಡಿದ್ದ. ಗುಲ್ಮಾರ್ಗಕ್ಕೆ ಹೋಗಿಬಂದವರು ಆ ವಾಹನವನ್ನು ನೋಡಿರಬಹುದು. ಮುಂದೆ ಎರಡು ಜಾರುಹಲಗೆ, ಹಿಂದೆ ಅಗಲವಾದ ರಬ್ಬರಿನ ಪಟ್ಟಿ, ನಡುವೆ ಮೋಟಾರ್ ಸೈಕಲ್ಲಿನದರಂಥ ಆಸನ. ಮಗಳನ್ನು ಅದರ ಮೇಲೆ ಕೂರಿಸಿಕೊಂಡು ಕೆರೆಯ ಆಚೆ ದಡಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದನಂತೆ. “ಮಾಮಾ, ನಾಲ್ವತ್ತು ಸಲ ಎಳೆದೆ. ತೋಳು ಬಿದ್ದುಹೋಯಿತು. ಹಿಡಿಯುವುದೇ ಇಲ್ಲ” ಎಂದು ಗೋಳಾಡಿದ.

ದಾದಾ ಆಗ ಜಗಲಿಯ ಮೇಲೆಯೇ ಇದ್ದರು. ನಾನು ಫೋನಿನ ಪರದೆಯನ್ನು ಅವರತ್ತ ತಿರುಗಿಸಿದೆ. ಹಿಮ, ಮರ, ಕೋಟಿನೊಳಗೆ ಕರಡಿಯಂತಾದ ನನ್ನ ಅಳಿಯ, ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ಯಂತ್ರದ ಬದಿಯಲ್ಲಿದ್ದ ಹಗ್ಗದ ಹಿಡಿಯನ್ನು ಕಂಡು, “ಅರೇ, ಇದು ನಮ್ಮದೇ!” ಎಂದರು.

ಅವರ ಮಾತು ಅಕ್ಷರಶಃ ನಿಜ. ಎರಡು ಹೊಡೆತದ ಎಂಜಿನು ಎನ್ನುತ್ತಾರಲ್ಲ, ಆ ಜಾತಿಯದು ಅದು. ದಾದಾ ಅವರ ದೋಣಿಯದೂ ಅದೇ. ನೀರಿನ ಮೇಲೆ ಓಡುವುದು, ಗಟ್ಟಿಯಾದ ನೀರಿನ ಮೇಲೆ ಓಡುವುದು, ಇಷ್ಟೇ ವ್ಯತ್ಯಾಸ. ಸ್ನೋಮೊಬೈಲಿನ ಹಿಂದೆ ಒಂದು ದುಃಖದ ಕಥೆಯೂ ಇದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ವಾಲ್ಕೂರ್ ಎಂಬ ಹಳ್ಳಿ. ಅಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ಕನಿದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗಿನ ಕರುಳುಬಾಲದ ಬೇನೆ ಬಂತು. ದಾರಿಯೆಲ್ಲ ಹಿಮ; ಆಸ್ಪತ್ರೆಗೆ ಒಯ್ಯುವ ಉಪಾಯವಿಲ್ಲದೆ ಮಗು ತೀರಿಹೋಯಿತು. ಹಿಮದ ಮೇಲೆ ಓಡುವ ಗಾಡಿಯ ಹುಚ್ಚು ಅವನಿಗೆ ಮೊದಲಿಂದಲೂ ಇತ್ತು. ಆ ಸಾವಿನ ಬಳಿಕ ಅದು ಬಿಡದ ಹಟವಾಯಿತು. 1937ರಲ್ಲಿ ತನ್ನ ಪಟ್ಟಿಯ ಗಾಡಿಗೆ ಪೇಟೆಂಟು ಪಡೆದ. ಒಬ್ಬಿಬ್ಬರು ಕೂತು ಹೋಗುವ ಚಿಕ್ಕ ಗಾಡಿ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಈಗ ಅದು ಮೋಜಿನ ವಾಹನವಾಗಿ ಕಾಣುತ್ತದೆ. ನಾನು ಈ ಕಥೆಯನ್ನು ದಾದಾ ಅವರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗು ಎಷ್ಟು ವರ್ಷದ್ದು ಅಂದಿರಿ?” ಎಂದು ಮತ್ತೊಮ್ಮೆ ಕೇಳಿದರು. ಸೇತುವೆಯಿಲ್ಲದ ಕಾಲದ ಕೋಡಿಬಾಗವನ್ನು ಕಂಡವರು ಅವರು. ರಾತ್ರಿ ಹೊತ್ತಿನಲ್ಲಿ ಆಚೆ ದಂಡೆಯಿಂದ ಬಾಣಂತಿಯರನ್ನು ದಾಟಿಸಿದವರು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ ಅದರ ಚಾಲಕನನ್ನು ಮೀನುಗಾರರೂ ಪೊಲೀಸರೂ ಎತ್ತಿ ಬದುಕಿಸಿದ್ದನ್ನು ಓದುಗರು ಬಲ್ಲರು. ಕೂಡಲೇ ಹಿಡಿಯಬೇಕಾದ ಎಂಜಿನು ಎಂದರೆ ಏನೆಂಬುದನ್ನು ನಮ್ಮ ಕೇರಿಗೆ ಯಾರೂ ಕಲಿಸಬೇಕಾಗಿಲ್ಲ.

ಇರಲಿ. ದಾದಾ ಮೊದಲು ಕೇಳಿದ್ದು, “ಕೆಂಪು ದಾರ ಅದರ ಜಾಗದಲ್ಲಿ ಉಂಟೋ?” ಎಂದು. ಓಡಿಸುವವನ ಮೈಗೆ ಸಿಕ್ಕಿಸಿಕೊಳ್ಳುವ ದಾರವದು. ಅವನು ಬಿದ್ದರೆ ದಾರ ಕಿತ್ತುಬಂದು ಎಂಜಿನು ನಿಲ್ಲುತ್ತದೆ. ದಾರ ಜಾಗದಲ್ಲಿಲ್ಲದಿದ್ದರೆ ನೂರು ಸಲ ಎಳೆದರೂ ಕಿಡಿ ಹುಟ್ಟದು. ಎಷ್ಟೋ ಶೂರರು ತೋಳು ಉಳುಕಿಸಿಕೊಂಡ ಮೇಲೆ ಈ ದಾರವನ್ನು ತಮ್ಮ ಜೇಬಿನಲ್ಲೇ ಕಂಡದ್ದುಂಟು. ಅಳಿಯನ ದಾರ ಸರಿಯಾಗಿತ್ತು.

“ಹಾಗಾದರೆ ಎಳೆಯುವುದು ಸಾಕು ಅನ್ನಿ. ಪ್ಲಗ್ ಬಿಚ್ಚಲಿ. ಒದ್ದೆಯೋ ಒಣಗಿದೆಯೋ?”

ಈ ಪ್ರಶ್ನೆಯ ಸೊಗಸು ನನಗೆ ಆಗ ಹೊಳೆಯಲಿಲ್ಲ. ಪ್ಲಗ್ಗಿನ ಮೂತಿ ಒದ್ದೆಯಾಗಿದ್ದರೆ ಪೆಟ್ರೋಲು ಒಳಗೆ ಬರುತ್ತಿದೆ, ಕಿಡಿ ಇಲ್ಲ; ಅಥವಾ ಪೆಟ್ರೋಲು ಅತಿಯಾಗಿ ಬಂದು ಕಿಡಿಯನ್ನು ಮುಳುಗಿಸಿದೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಒಂದೇ ಪ್ರಶ್ನೆಯಿಂದ ರೋಗ ಅರ್ಧ ಗೊತ್ತಾಯಿತು. ಅಳಿಯನ ಪ್ಲಗ್ಗುಗಳು ಬಿಸಿಲಿಗೆ ಹಾಕಿದ ಮೀನಿನಷ್ಟು ಒಣಗಿದ್ದವು. ಪ್ಲಗ್ಗನ್ನು ಎಂಜಿನಿನ ಲೋಹಕ್ಕೆ ತಾಗಿಸಿ ಎಳೆಸಿದರು. ನೀಲಿ ಕಿಡಿ ಚಟಚಟನೆ ಹಾರಿತು. “ತೂತಿನಿಂದ ದೂರ ಹಿಡಿಯಲಿ, ಇಲ್ಲದಿದ್ದರೆ ಮೀಸೆ ಹೋಗುತ್ತದೆ” ಎಂಬ ಎಚ್ಚರಿಕೆಯನ್ನು ನಾನು ಭಾಷಾಂತರಿಸಿದೆ. ಅಳಿಯನಿಗೆ ಮೀಸೆಯಿಲ್ಲ, ಆದರೂ ದೂರ ಹಿಡಿದ.

“ಪೆಟ್ರೋಲು ಯಾವಾಗಿನದು?”

“ಹೋದ ಮಾರ್ಚಿನದು. ಟಾಕಿಯಲ್ಲಿ ಹಾಗೆಯೇ ಇತ್ತು.”

ದಾದಾ ತೊಡೆ ತಟ್ಟಿಕೊಂಡು ನಕ್ಕರು. “ಅವರ ಬೇಸಿಗೆ ಎಂದರೆ ನಮ್ಮ ಮಳೆಗಾಲ!” ಎಂದರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಅರವತ್ತೊಂದು ದಿನ ಯಂತ್ರದೋಣಿಗಳಿಗೆ ಮೀನುಗಾರಿಕೆ ನಿಷೇಧ. ಹತ್ತು ಅಶ್ವಶಕ್ತಿಯ ಒಳಗಿನ ದಾದಾ ಅವರ ದೋಣಿಗೆ ಆ ಕಟ್ಟಳೆ ಇಲ್ಲ. ಆದರೂ ಅಳಿವೆಯ ಅಬ್ಬರ ನೋಡಿ ಅವರು ಎಂಜಿನನ್ನು ಹೊತ್ತು ತಂದು ಮನೆಯೊಳಗೆ ನಿಲ್ಲಿಸುತ್ತಾರೆ. ನಿಲ್ಲಿಸುವ ಮೊದಲು ಕಾರ್ಬುರೇಟರಿನಲ್ಲಿರುವುದನ್ನು ಕೊನೆಯ ಹನಿಯವರೆಗೂ ಇಳಿಸುತ್ತಾರೆ. ಇಳಿಸದೆ ಬಿಟ್ಟರೆ ಪೆಟ್ರೋಲಿನ ಹಗುರವಾದ ಭಾಗ ಆರಿಹೋಗಿ, ಉಳಿದದ್ದು ಅಂಟಾಗಿ, ಸೂಜಿ ತೂರದಷ್ಟು ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಆಗಸ್ಟಿನ ಮೊದಲ ವಾರದಲ್ಲಿ ನಮ್ಮ ದಂಡೆಯಲ್ಲಿ ಕೇಳಿಬರುವ ವಂಶಾವಳಿಗಳಿಗೆಲ್ಲ ಇದೇ ಮೂಲ. ಕಾರ್ಬುರೇಟರನ್ನು ಬಿಚ್ಚಿ ತೊಳೆಯಬೇಕು, ತೂತಿಗೆ ತಂತಿ ಹಾಕಿ ಕೆರೆಯಬಾರದು, ಗಾಳಿ ಊದಬೇಕು, ಹಳೆಯ ಪೆಟ್ರೋಲನ್ನು ಪೂರಾ ತೆಗೆಯಬೇಕು, ಎಂದು ಒಂದೊಂದಾಗಿ ಹೇಳಿಸಿದರು. ಅಳಿಯ ಬರೆದುಕೊಂಡ.

“ಮತ್ತೇನಾದರೂ ಉಂಟೋ ಕೇಳಿ ಮಾಮಾ” ಎಂದ ಅವನು.

ದಾದಾ ಕವಳದ ಸಂಚಿಯನ್ನು ಬಿಚ್ಚುತ್ತ, ನನ್ನ ಕಡೆ ನೋಡದೆ ಹೇಳಿದರು: “ಟಾಕಿಗೆ ಗಾಳಿ ಹೋಗುವ ದಾರಿ ತೆರೆದಿದೆಯೋ ನೋಡಲಿ. ಅದು ಮುಚ್ಚಿದ್ದರೆ ಎಂಜಿನು ಹಿಡಿದರೂ ನಿಲ್ಲುತ್ತದೆ. ಅದರ ವಿಷಯ ನಿಮ್ಮ ಮಾಮಾ ಬಲ್ಲರು.”

ಫೋನು ಇಟ್ಟೆ. ದಾದಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಂದು ವರ್ಷದಿಂದ ನಾನು ಮರೆತಂತೆ ನಟಿಸುತ್ತಿದ್ದೆ. ಅವರು ಮರೆತಿದ್ದಾರೆಂದು ನಂಬಿಕೊಂಡಿದ್ದೆ.

ಹಿಂದಿನ ವರ್ಷ ಪುಷ್ಯ ಹುಣ್ಣಿಮೆಗೆ ನಾವು ಕೂರ್ಮಗಡದ ಜಾತ್ರೆಗೆ ಹೋಗಿದ್ದೆವು. ಅಳಿವೆಯ ಎದುರಿಗೆ ಕಡಲಿನಲ್ಲಿ ಆಮೆಯಂತೆ ಮಲಗಿರುವ ನಡುಗಡ್ಡೆ. ಅದರ ಮೇಲೆ ನರಸಿಂಹ ದೇವರು. ಜಾತ್ರೆಯ ದಿನ ದೋಣಿಗಳೆಲ್ಲ ಸಿಂಗರಿಸಿಕೊಂಡು ಅಲ್ಲಿಗೆ ಹೋಗುತ್ತವೆ. ಹರಕೆಯ ಬಾಳೆಗೊನೆಗಳೂ ಜನರ ಜೊತೆಗೆ ದಾಟುತ್ತವೆ. 2019ರ ಜನವರಿ 21ರಂದು ಇದೇ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಹದಿನಾರು ಜನ ಜೀವ ಕಳೆದುಕೊಂಡರು. ಆ ದಿನದಿಂದ ದಾದಾ ಜಾಕೀಟು ತೊಡದವರನ್ನು ದೋಣಿಗೆ ಹತ್ತಿಸುವುದಿಲ್ಲ, ಎಣಿಕೆಗೆ ಮೀರಿ ಒಬ್ಬರನ್ನೂ ಸೇರಿಸುವುದಿಲ್ಲ. ನಾವು ಏಳು ಜನ ಇದ್ದೆವು. ದಾದಾ, ನಾನು, ನನ್ನ ಹೆಂಡತಿ, ಕೇರಿಯ ಇಬ್ಬರು ಹೆಂಗಸರು, ದಾದಾ ಅವರ ಸೊಸೆ, ಒಂಬತ್ತು ವರ್ಷದ ಮೊಮ್ಮಗ. ಮಗ ಗೋವೆಯಲ್ಲಿ ನೌಕರಿಯಲ್ಲಿದ್ದವನು ಬಂದಿರಲಿಲ್ಲ.

ಮೂರು ಗಂಟೆಗೆ ಮರಳಿ ಹೊರಟೆವು. ಹುಣ್ಣಿಮೆಯ ಇಳಿತ, ನದಿಯ ನೀರೆಲ್ಲ ಕಡಲಿಗೆ ಓಡುತ್ತಿತ್ತು. ಎದುರಾಗಿ ಪಡುಗಾಳಿ. ಇವೆರಡೂ ಕೂಡುವಲ್ಲಿ ತೆರೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ದೋಣಿ ಕುಲುಕಾಡಿತು. ಎಂಜಿನು ಪೆಟ್ರೋಲಿನಿಂದ ಶುರುವಾಗಿ, ಬಿಸಿಯಾದ ಮೇಲೆ ಚಿಮಣಿ ಎಣ್ಣೆಯಿಂದ ಓಡುವಂಥದು. ಪೆಟ್ರೋಲಿನ ಡಬ್ಬಿ ಚಿಕ್ಕದು, ಎಣ್ಣೆಯ ಟಾಕಿ ದೊಡ್ಡದು. ಆ ಟಾಕಿ ನನ್ನ ಕಾಲ ಬಳಿಯೇ ಇತ್ತು. ಅದರ ವಾಸನೆಗೆ ನನ್ನ ಹೆಂಡತಿಗೆ ಓಕರಿಕೆ ಬರಹತ್ತಿತು. ನೋಡಿದೆ: ಮುಚ್ಚಳದ ಮೇಲೆ ಒಂದು ಚಿಕ್ಕ ತಿರುಪು ಸಡಿಲವಾಗಿದೆ. ಇಂಥ ಅಜಾಗರೂಕತೆ ನಮ್ಮ ಜನರಲ್ಲಿ ಸಾಮಾನ್ಯ ಎಂದುಕೊಂಡು ಬೆರಳಿನಿಂದ ಅದನ್ನು ಬಿಗಿಮಾಡಿದೆ. ವಾಸನೆ ಕಡಿಮೆಯಾಯಿತು. ಹೆಂಡತಿ ಕೃತಜ್ಞತೆಯಿಂದ ನೋಡಿದಳು. ಅದು ಅಪರೂಪವಾದ್ದರಿಂದ ಇನ್ನೂ ನೆನಪಿದೆ.

ಐದಾರು ನಿಮಿಷ ಕಳೆದಿರಬೇಕು. ಎಂಜಿನು ಕೆಮ್ಮಿತು, ಉಸಿರೆಳೆಯಿತು, ನಿಂತಿತು.

ದಾದಾ ಮೊದಲು ಎಂಜಿನಿನ ಹತ್ತಿರವೇ ಹೋಗಲಿಲ್ಲ. ನಂಗರನ್ನು ನೀರಿಗೆ ಬಿಟ್ಟು, ದೋಣಿಯ ಮೂತಿಯನ್ನು ತೆರೆಗೆ ಎದುರಾಗಿ ನಿಲ್ಲಿಸಿದರು. ನಂಗರು ಮರಳಿನಲ್ಲಿ ಅಷ್ಟಷ್ಟೇ ಜಾರುತ್ತಿತ್ತು. ಆಮೇಲೆ ದಾರ ನೋಡಿದರು, ನಳಿಕೆ ನೋಡಿದರು, ಕಾರ್ಬುರೇಟರಿನೊಳಗಿನ ಎಣ್ಣೆ ಇಳಿಸಿ ಪೆಟ್ರೋಲಿಗೆ ತಿರುಗಿಸಿ ಎಳೆದರು. ನಾಲ್ಕನೆಯ ಎಳೆತಕ್ಕೆ ಹಿಡಿಯಿತು. ಎಲ್ಲರೂ ‘ನರಸಿಂಹಾ’ ಎಂದೆವು. ಎಣ್ಣೆಗೆ ಬದಲಿಸಿದರು, ಒಂದು ನಿಮಿಷದಲ್ಲಿ ಮತ್ತೆ ನಿಂತಿತು. ಮತ್ತೆ ಇಳಿಸಿ, ಮತ್ತೆ ಪೆಟ್ರೋಲು. ಮತ್ತೆ ಅದೇ ಕಥೆ. ಈಗ ಡಬ್ಬಿಯ ತಳದಲ್ಲಿ ಒಂದು ಬೊಗಸೆಯಷ್ಟು ಪೆಟ್ರೋಲು ಉಳಿದಿತ್ತು. ಮುಂದೆ ಹೋಗುತ್ತಿದ್ದ ದೋಣಿಯವರಿಗೆ ನಾವು ಕೈ ಬೀಸಿದೆವು. ಅವರೂ ಜಾತ್ರೆಯ ಉತ್ಸಾಹದಲ್ಲಿ ನಮಗೆ ಕೈ ಬೀಸಿ ಹೋದರು. ಸೊಸೆ ಮಗುವನ್ನು ಅವುಚಿಕೊಂಡು ಅಳಲಿಲ್ಲ, ಮಾತಾಡಲಿಲ್ಲ. ಮಾವನ ಕೈಯನ್ನೇ ನೋಡುತ್ತಿದ್ದಳು.

ಅಂಥ ವೇಳೆಯಲ್ಲಿ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ನನಗೆ ರವೀಂದ್ರನಾಥ ಠಾಕೂರರು ನೆನಪಾದರು. 1880ರ ದಶಕದ ಆರಂಭದಲ್ಲಿ, ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರರು ಬೆಳದಿಂಗಳಿನಲ್ಲಿ ಈ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿದ್ದರು. ಹಿಂದಿರುಗುವಾಗ ಅಳಿವೆಗೆ ಬರುವುದು ತಡವಾಯಿತೆಂದು ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ಮಕ್ಕಳಿಗೆ ಇದನ್ನು ಎಷ್ಟು ಸಲ ಹೇಳಿದ್ದೆನೋ! ಇಳಿದು ನಡೆಯುವ ಆ ಮರಳು ನನ್ನ ಕಣ್ಣಿಗೆ ಕಾಣುತ್ತಿತ್ತು. ನಡುವೆ ಕಡಲು ಮಾತ್ರ ಇತ್ತು.

ಮೂರನೆಯ ಸಲಕ್ಕೆ ದಾದಾ ಹಗ್ಗ ಮುಟ್ಟಲಿಲ್ಲ. ಕುಳಿತುಕೊಂಡರು. ಕೇರಿಯ ಹೆಂಗಸೊಬ್ಬಳು, “ಎಳೆಯಿರಿ ದಾದಾ, ಎಳೆಯಿರಿ” ಎಂದು ಕೂಗಿದಳು. ಅವರು ನಳಿಕೆಯ ನಡುವಿನ ರಬ್ಬರು ಚೆಂಡನ್ನು ಕೈಯಲ್ಲಿ ಹಿಡಿದರು. ಒತ್ತಿದರೆ ಅದು ಮತ್ತೆ ಉಬ್ಬಿಕೊಳ್ಳಬೇಕು. ಅದು ಹಿಂಡಿದ ನಿಂಬೆಯ ಹೋಳಿನಂತೆ ಒಳಗೇ ಕುಸಿದಿತ್ತು. ನಳಿಕೆಯ ಗುಂಟ ಅವರ ಕಣ್ಣು ಟಾಕಿಗೆ ಬಂತು. ಟಾಕಿಯ ಪಕ್ಕೆಗಳು ಉಪವಾಸದವನ ಕೆನ್ನೆಯ ಹಾಗೆ ಒಳಕ್ಕೆ ಎಳೆದುಕೊಂಡಿದ್ದವು. ಅಲ್ಲಿಂದ ಕಣ್ಣು ತಿರುಪಿಗೆ ಬಂತು. ತಿರುಪಿನಿಂದ, ಅದರ ಪಕ್ಕದಲ್ಲೇ ಕೂತಿದ್ದ ನನ್ನ ಬೆರಳಿಗೆ ಬಂತು.

ಏನೂ ಹೇಳಲಿಲ್ಲ. ಬಾಗಿ ತಿರುಪನ್ನು ಎರಡು ಸುತ್ತು ಬಿಚ್ಚಿದರು. ‘ಹುಸ್’ ಎಂದು ಗಾಳಿ ಒಳಗೆ ಹೋಯಿತು. ಟಾಕಿ ‘ಟಪ್’ ಎಂದು ಮೊದಲಿನಂತಾಯಿತು. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಹೊರಗಿನ ವಾಯುಭಾರವೇ ಎಣ್ಣೆಯನ್ನು ತಡೆದು ಹಿಡಿಯುತ್ತದೆ. ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಇಟ್ಟು, ಬೋರಲು ಹಾಕಿ, ಮೂವತ್ತು ವರ್ಷ ಈ ಪಾಠವನ್ನು ಮಕ್ಕಳಿಗೆ ಕಲಿಸಿದವನು ನಾನು. ಎಣ್ಣೆಯ ಡಬ್ಬಿಗೆ ಅಂಗಡಿಯವನು ಎರಡು ತೂತು ಏಕೆ ಹೊಡೆಯುತ್ತಾನೆಂದು ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳಿದ್ದೆ.

ಎರಡನೆಯ ಎಳೆತಕ್ಕೆ ಎಂಜಿನು ಹಿಡಿಯಿತು, ಮತ್ತೆ ನಿಲ್ಲಲಿಲ್ಲ. ದಂಡೆಗೆ ಬಂದೆವು.

ಕಥೆ ಅಲ್ಲಿಗೆ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಸುದ್ದಿ ಕೇಳಿ ಅದೇ ರಾತ್ರಿ ಮಗ ಗೋವೆಯಿಂದ ಬಂದ. “ಹಳೇ ಎಂಜಿನು ಕಟ್ಟಿಕೊಂಡು ನನ್ನ ಮಗುವನ್ನು ಕಡಲಿಗೆ ಒಯ್ದಿರಲ್ಲ ಬಾಬಾ! ನಿಮಗೆ ಈಗ ಕಣ್ಣೂ ಕಾಣುವುದಿಲ್ಲ, ಕೈಯೂ ನಡೆಯುವುದಿಲ್ಲ” ಎಂದು ಅಂಗಳದಲ್ಲಿ ನಿಂತು ಕೂಗಾಡಿದ್ದು ನಮ್ಮ ಜಗಲಿಗೆ ಸ್ಪಷ್ಟವಾಗಿ ಕೇಳಿಸಿತು. ದಾದಾ ಹೇಳಿದ್ದು ಒಂದೇ ಮಾತು: “ಎಣ್ಣೆಯಲ್ಲಿ ನೀರು ಇತ್ತು. ನಾನು ನೋಡಿಕೊಳ್ಳಬೇಕಿತ್ತು.” ನಾನು ಎದ್ದು ಹೋಗಿ ಹೇಳಬೇಕಾದದ್ದು ಆಗ. ಎದ್ದೆ, ಬಾಗಿಲವರೆಗೆ ಹೋದೆ, ಒಳಗೆ ಹೋಗಿ ಮಲಗಿದೆ. ಮರುದಿನ ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೇಳುವುದು ಮೊದಲ ದಿನಕ್ಕಿಂತ ಕಷ್ಟ. ವಾರ ಕಳೆದ ಮೇಲಂತೂ ಕೇಳಲೇಬೇಡಿ. ಆ ಮೊಮ್ಮಗ ಅದಕ್ಕೆ ಮುಂಚೆ ರಜೆಯ ದಿನವೆಲ್ಲ ಅಜ್ಜನ ದೋಣಿಯಲ್ಲೇ ಇರುತ್ತಿದ್ದವನು. ಆಮೇಲೆ ಅವನನ್ನು ದೋಣಿಗೆ ಹತ್ತಗೊಡಲಿಲ್ಲ. ದಂಡೆಯ ಮೇಲೆ ನಿಂತು, ಅಜ್ಜ ಎಂಜಿನು ಶುರು ಮಾಡುವುದನ್ನು ನೋಡಿ, ಶಾಲೆಗೆ ಹೋಗುತ್ತಿದ್ದ. ಕೇರಿಯವರೂ ತಮ್ಮ ಎಂಜಿನಿಗೆ ದಾದಾ ಅವರನ್ನು ಕರೆಯುವುದನ್ನು ಸ್ವಲ್ಪ ಕಡಿಮೆ ಮಾಡಿದರು. ಇದೆಲ್ಲವನ್ನೂ ನಾನು ಜಗಲಿಯಿಂದ ನೋಡುತ್ತಿದ್ದೆ. ಸಂಜೆ ಪತ್ರಿಕೆ ಓದಿ ಹೇಳುತ್ತಿದ್ದೆ.

ಕೆನಡಾದ ಫೋನು ಬಂದ ನಾಲ್ಕನೆಯ ದಿನ ಅಳಿಯ ಒಂದು ವಿಡಿಯೋ ಕಳಿಸಿದ. ಹಳದಿ ಟೊಪ್ಪಿಗೆಯ ಮಗಳು ಹಿಂದೆ ಕೂತಿದ್ದಾಳೆ. ಯಂತ್ರ ಹೊಗೆಯುಗುಳುತ್ತ ಗುಡುಗುತ್ತಿದೆ. ಅದೊಂದು ಭಾನುವಾರ, ಮಗ ಗೋವೆಯಿಂದ ಬಂದಿದ್ದ. ಫೋನು ಹಿಡಿದುಕೊಂಡು ದಾದಾ ಅವರ ಅಂಗಳಕ್ಕೆ ಹೋದೆ. ದಾದಾ ಅದನ್ನು ಕಣ್ಣಿಗೆ ಹಿಡಿಯದೆ ಕಿವಿಗೆ ಹಿಡಿದು ಕೇಳಿ, “ಒಂದು ಸಿಲಿಂಡರು ಇನ್ನೂ ಸರಿಯಾಗಿ ಹೊಡೆಯುತ್ತಿಲ್ಲ. ಆ ಬದಿಯ ಪ್ಲಗ್ ಬದಲಿಸಲು ಹೇಳಿ” ಎಂದರು. ಮಗ ನಕ್ಕ. ಆಗ ನಾನು ನಿಂತಲ್ಲಿಯೇ, ಸೊಸೆಯೂ ಕೇಳುವಂತೆ, ತಿರುಪಿನ ವಿಷಯವನ್ನು ಹೇಳಿಬಿಟ್ಟೆ. ಎಷ್ಟು ಸುತ್ತು ಬಿಗಿಮಾಡಿದೆ ಎಂಬುದನ್ನೂ ಹೇಳಿದೆ. ಏಕೆ ಹೇಳಿದೆನೋ ಗೊತ್ತಿಲ್ಲ.

ಮಗನ ಮುಖದ ನಗೆ ಹೋಯಿತು. “ಒಂದು ವರ್ಷ, ಮಾಸ್ತರೇ” ಎಂದ. ಅಷ್ಟೇ. ನನ್ನ ಶಾಲೆಯಲ್ಲೇ ಕಲಿತ ಹುಡುಗ ಅವನು. ವಾಯುಭಾರದ ಪಾಠ ಅವನಿಗೂ ಆಗಿತ್ತು. ದಾದಾ ಸಿಟ್ಟಿನಿಂದ, “ಇದನ್ನು ಈಗ ಹೇಳಿ ಎಂದು ನಿಮಗೆ ಯಾರು ಹೇಳಿದರು?” ಎಂದು ಗದರಿಸಿ, ಫೋನನ್ನು ನನ್ನ ಕೈಗೆ ತುರುಕಿ, ಬಲೆಯ ಹತ್ತಿರ ಹೋಗಿ ಕೂತರು. ಆ ಸಂಜೆ ಜಗಲಿಗೆ ಬರಲಿಲ್ಲ. ಪತ್ರಿಕೆಯನ್ನು ನಾನೊಬ್ಬನೇ ಓದಿದೆ.

ಮುಂದಿನ ಭಾನುವಾರ ಬೆಳಗಿನ ಜಾವ ಎಚ್ಚರಾಯಿತು. ದಾದಾ ಅವರ ದೋಣಿಯ ಕಡೆಯಿಂದ ‘ಗರ್...’ ಎಂದು ಒಂದು ಸದ್ದು ಬಂದು ಅರ್ಧಕ್ಕೇ ನಿಂತಿತು. ಹಗ್ಗವನ್ನು ಪೂರ್ತಿ ಎಳೆಯುವಷ್ಟು ಉದ್ದದ ತೋಳಲ್ಲ ಅದು. “ಕಾಲು ಊರಿ ಎಳೆಯೋ” ಎಂದು ದಾದಾ ಅವರ ಕಂಠ. ಮತ್ತೆ ಅರ್ಧ ಸದ್ದು. ನಾನು ಎದ್ದು ಕೂತು ಎಣಿಸತೊಡಗಿದೆ. ಹದಿನೇಳಕ್ಕೆ ಹಿಡಿಯಿತು.